ರ‍್ಯಾಮಿಗೊಂದು ಚಕ್ಕುಬಂದಿ

2008ರ ಫೆಬ್ರವರಿ ಒಂಬತ್ತು, ಶನಿವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಾನು ಬೇಲೂರಿನ ನಮ್ಮ ಮನೆಯಲ್ಲಿ ಕೊರಿಯರ್ ಡಬ್ಬಿಯೊಂದರ ಅಂಟುಪಟ್ಟಿಯನ್ನು ಭೂತಗನ್ನಡಿಯಲ್ಲಿ ಪರಿಶೀಲಿಸುತ್ತಿದ್ದೆ. ನಾನು ಹಗರೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭೂತಗನ್ನಡಿ ಶಾಲೆಯದು (ಪುಸ್ತಕದಲ್ಲಿ ಬರೆದೇ ತಂದದ್ದು). ಡಬ್ಬಿ ಮಾತ್ರ ನನ್ನ ಹೆಂಡತಿ ಮೀನಾಕ್ಷಿಯದು.

ಮೀನಾಕ್ಷಿ ಮನೆಯಲ್ಲೇ ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡಿಕೊಡುತ್ತಾಳೆ. ವಧೂವರರ ಫೋಟೊ ಹಾಕಿದೊಡನೆ ನಮ್ಮ ಯಂತ್ರ ಕಲ್ಲಾಗಿ ನಿಲ್ಲುತ್ತಿತ್ತು. (ಬೇಲೂರಿನಲ್ಲಿ ಕಲ್ಲಿಗೇನೂ ಕೊರತೆಯಿಲ್ಲ.) ಅದಕ್ಕೆಂದು ಅವಳು ತನ್ನ ದುಡಿಮೆಯಲ್ಲಿ, ಇಂಟರ್ನೆಟ್ಟಿನ ಅಂಗಡಿಯಿಂದ ಇನ್ನೊಂದು ರ‍್ಯಾಮ್, ಅಂದರೆ ಕಂಪ್ಯೂಟರಿನ ನೆನಪಿನ ಪಟ್ಟಿ, ತರಿಸಿದ್ದಳು. ನನ್ನನ್ನು ಕೇಳದೆ. ನೋವು ಇದ್ದದ್ದು ಅಲ್ಲಿ.

"ನೆನಪಿನ ಶಕ್ತೀನ ಡಬ್ಬೀಲಿ ಕಳಿಸ್ತಾರಾ?" ಎಂದಳು ನನ್ನ ಅವ್ವ ಮುನಿಯಮ್ಮ. "ನಂಗೂ ಒಂದು ತರಿಸವ್ವ. ಕನ್ನಡಕ ಎಲ್ಲಿಟ್ನೋ ಗೊತ್ತಾಯ್ತಿಲ್ಲ."

"ಅವ್ವ, ಇದು ನಕಲಿ ಮಾಲು ಇರಬಹುದು," ಎಂದೆ.

"ತೆಗೆಯೋಕ್ ಮುಂಚೇನೇ ಗೊತ್ತಾಯ್ತಾ?" ಎಂದಳು ಮೀನಾಕ್ಷಿ. "ಸರಿ ಕಣ್ರೀ, ಪರೀಕ್ಷೆ ಮಾಡಿ. ನಕಲಿಯಾದ್ರೆ ಇನ್ಮೇಲೆ ನಿಮ್ಮನ್ನ ಕೇಳದೆ ಒಂದು ಮೌಸೂ ತರಿಸಲ್ಲ. ಅಸಲಿಯಾದ್ರೆ ಮುಂದಿನ ತಿಂಗಳು ಪ್ರಿಂಟರ್ ತರಿಸ್ತೀನಿ. ನೀವು ಬಾಯಿ ಹಾಕಂಗಿಲ್ಲ."

ತಕ್ಷಣ ಒಪ್ಪಿದೆ. ಆದರೆ ಮಾರಿದವನು ನಾವೇ ಅದಲುಬದಲು ಮಾಡಿದೆವೆಂದು ತಿರುಗಿಬಿದ್ದರೆ? ಸಾಕ್ಷಿ ಬೇಕು. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರ್ ಷಡಕ್ಷರಪ್ಪನವರನ್ನು ಕರೆದೆ. ಅವರು ಕಾರ್ಬನ್ ಹಾಳೆಯ ಸಮೇತ ಬಂದರು.

"ಮಹಜರು ಆಗ್ಬೇಕು ಮೇಷ್ಟ್ರೇ. ಚಕ್ಕುಬಂದಿ ಹೇಳಿ."

"ಇದು ಜಮೀನಲ್ಲ ಸಾರ್."

"ನಾಲ್ಕು ದಿಕ್ಕಿನ ಗಡಿ ಇಲ್ದೆ ನಾನು ಇವತ್ತಿನವರೆಗೂ ರುಜು ಹಾಕಿಲ್ಲ."

ಅವರ ಮುಂದೆಯೇ ಡಬ್ಬಿ ಒಡೆದು ಹೊಸದನ್ನು ಮೇಜಿನ ಮೇಲಿಟ್ಟೆ. ಕಂಪ್ಯೂಟರಿನೊಳಗಿದ್ದ ಹಳೆಯ ರ‍್ಯಾಮನ್ನೂ ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟೆ. ಅದೇ ಕಂಪನಿ, ಅದೇ ಅಳತೆ. ಹಳೆಯದನ್ನು ಮೂರು ವರ್ಷದ ಹಿಂದೆ ನಾನೇ ಖುದ್ದಾಗಿ ಬೆಂಗಳೂರಿಗೆ ಹೋಗಿ, ಅಂಗಡಿಯವನ ಮುಂದೆ ಒಂದು ಗಂಟೆ ನಿಂತು ಆರಿಸಿದ್ದೆ. ಆದ್ದರಿಂದ ಅದೇ ಮಾನದಂಡ.

ಷಡಕ್ಷರಪ್ಪನವರು ಬರೆದರು: "ವಸ್ತು ಒಂದು, ಪಾರ್ಸೆಲ್ಲಿನಲ್ಲಿ ಬಂದದ್ದು. ಪೂರ್ವಕ್ಕೆ ಸಕ್ಕರೆ ಡಬ್ಬಿ, ಪಶ್ಚಿಮಕ್ಕೆ ವಸ್ತು ಎರಡು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಮುನಿಯಮ್ಮನವರ ಮೊಣಕೈ." ಎರಡರ ಮೇಲಿನ ಸಂಖ್ಯೆಗಳನ್ನೂ ನಾನೇ ಓದಿ ಬರೆಸಿದೆ.

"ಮುನಿಯಮ್ಮೋರೇ, ಕೈ ಅಲ್ಲಾಡಿಸ್ಬೇಡಿ. ಗಡಿ ವ್ಯತ್ಯಾಸ ಆಗ್ತದೆ."

"ಕಾಫಿ ಕುಡಿಯೋದು ಹೆಂಗಪ್ಪ ಮತ್ತೆ?"

ನಾನು ಹೋಲಿಕೆ ಆರಂಭಿಸಿದೆ. ಹೊಸದರ ಚೀಟಿ ಓರೆ ಮಾಡಿದರೆ ಬಣ್ಣ ಬದಲಿಸುತ್ತಿತ್ತು; ಹಳೆಯದರದ್ದು ಗಂಭೀರವಾಗಿ ಒಂದೇ ಬಣ್ಣದಲ್ಲಿತ್ತು. ಹಳೆಯದರ ಅಕ್ಷರ ಬೆರಳಿಗೆ ಹತ್ತುವಷ್ಟು ಮೃದು; ಹೊಸದರದ್ದು ಉಜ್ಜಿದರೂ ಕದಲದಷ್ಟು ಮೊಂಡು. ಒಟ್ಟು ಏಳು ವ್ಯತ್ಯಾಸ. "ನಕಲಿ," ಎಂದು ಹೊಸದರ ಮೇಲೆ ತೀರ್ಪು ಕೊಟ್ಟೆ.

ಮೀನಾಕ್ಷಿ ಡಬ್ಬಿಯ ಮೇಲಿದ್ದ ಕಂಪನಿಯ ಸಂಖ್ಯೆಗೆ ಫೋನು ಮಾಡಿ, ಮಹಜರು ನೋಡಿಕೊಂಡು ಎರಡೂ ಸಂಖ್ಯೆ ಓದಿದಳು. ಕೇಳಿಸಿಕೊಂಡು ಫೋನಿಟ್ಟಳು.

"ಒಂದು ಅಸಲಿಯಂತೆ. ಇನ್ನೊಂದು ನಂಬರಿನ ಮಾಲು ಅವರು ತಯಾರೇ ಮಾಡಿಲ್ಲವಂತೆ."

"ನಾನು ಹೇಳಿರ್ಲಿಲ್ವಾ?"

"ಮೊದ್ಲು ಓದಿದ ನಂಬರು ಅಸಲಿ. ಅದು ಯಾವುದು ಸ್ವಲ್ಪ ನೋಡಿ, ಷಡಕ್ಷರಪ್ಪೋರೆ."

ಅವರು ಬೆರಳಿಟ್ಟು ಓದಿದರು. "ವಸ್ತು ಒಂದು. ಪೂರ್ವಕ್ಕೆ ಸಕ್ಕರೆ ಡಬ್ಬಿ."

ಮೂರು ವರ್ಷದಿಂದ ಖೋಟಾ ಮಾಲು ನಮ್ಮ ಯಂತ್ರದೊಳಗೇ ಕೂತಿತ್ತು. ನಾನು ಅಸಲಿಯನ್ನು ಅದಕ್ಕೆ ಹೋಲಿಸಿ ಏಳು ತಪ್ಪು ಕಂಡುಹಿಡಿದಿದ್ದೆ. ಮೀನಾಕ್ಷಿ ಹೊಸದೊಂದನ್ನೇ ಹಾಕಿ ಯಂತ್ರ ಚಾಲೂ ಮಾಡಿದಳು. ಅವಳು ಕಾರ್ಡು ಮಾಡಬೇಕಿದ್ದ ಅರೇಹಳ್ಳಿಯ ವಧೂವರರು ಪರದೆಯ ಮೇಲೆ ಥಟ್ಟನೆ ಮೂಡಿ, ನನ್ನನ್ನೇ ನೋಡಿ ನಕ್ಕರು.

ಅವಳು ನಗಲಿಲ್ಲ. ನನ್ನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. (ಪೂರ್ವದ ಗಡಿ ಅಲ್ಲಿಗೆ ಜಾಗ ಬಿಟ್ಟಿತು.)

"ಕೊನೇ ಕಲಂ ಉಳಿದದೆ," ಎಂದರು ಷಡಕ್ಷರಪ್ಪ. "ಪರೀಕ್ಷೆ ಮಾಡಿದವರ ಅರ್ಹತೆ?"

ನಾನು ಭೂತಗನ್ನಡಿಯನ್ನು ಶಾಲೆಯ ಚೀಲಕ್ಕೆ ಹಾಕಿದೆ.

"ನಾನು ಬರೆಸ್ತೀನಿ ಬರ್ಕೊಳ್ಳಿ," ಎಂದಳು ಮೀನಾಕ್ಷಿ. "ಹೆಣ್ಣು ನೋಡೋಕೆ ಬಂದ ದಿನ ನಮ್ಮಪ್ಪ ಏನೂ ಕೇಳಿರ್ಲಿಲ್ಲ, ಇವರೇ ಜೋರಾಗಿ ಹೇಳಿದ್ರು. ಬಿ.ಎಸ್ಸಿ. ಫಿಸಿಕ್ಸ್ ಪ್ರಾಕ್ಟಿಕಲ್ಲು, ಐವತ್ತಕ್ಕೆ ನಲವತ್ತೊಂಬತ್ತು."