ಫಟಫಟಿ ಪಂದ್ಯಕ್ಕೆ ವಕೀಲರ ಜೊತೆ

ಫಟಫಟಿ ಪಂದ್ಯ ನೋಡೋಕೆ ಹೋಗಿ, ನಿಜವಾಗಿ ಪಂದ್ಯವನ್ನೇ ನೋಡಿ ಬಂದವರು ನಮ್ಮ ಬಸವನಗುಡಿಯಲ್ಲಿ ಯಾರಾದರೂ ಇದ್ದರೆ ಅವರಿಗೊಂದು ನಮಸ್ಕಾರ. ನನಗಂತೂ ಆ ಭಾಗ್ಯ ಬರಲಿಲ್ಲ. ನಾನು ಚಾಮರಾಜಪೇಟೆಯಲ್ಲಿ ಸ್ಕೂಲು ಮೇಷ್ಟ್ರು. ಹೋಗ್ತಿದ್ದದ್ದು ಪಕ್ಕದ ಮನೆ ವಕೀಲರ ಜೊತೆ. ಅವರ ಜೊತೆ ಹೋದ ಮೇಲೆ ಏನಾದರೊಂದು ಆಗಲೇಬೇಕು.

ಧೂಳು

ಮೊದಮೊದಲು ಹಗ್ಗವಿಲ್ಲ, ಟಿಕೆಟ್ಟಿಲ್ಲ. ದಂಡಿನ ದೊರೆಗಳು, ಅಂದರೆ ಕಂಟೋನ್ಮೆಂಟಿನ ಬಿಳಿಯರು, ಊರಾಚೆ ಮಣ್ಣುರಸ್ತೆಯಲ್ಲಿ ಮೋಟಾರುಸೈಕಲ್ ಓಡಿಸೋರು, ನಾವು ಪಕ್ಕದಲ್ಲೇ ನಿಲ್ಲೋರು. ಸದ್ದು ಬಂತು, ಧೂಳು ಎದ್ದಿತು, ಸದ್ದು ಹೋಯಿತು. ಧೂಳು ಕೂತಾಗ ರಸ್ತೆಯಲ್ಲಿ ಒಂದು ಎಮ್ಮೆ ಮಾತ್ರ ಇತ್ತು. ಆದರೂ ಸಂಜೆ ವಕೀಲರು ಜಗಲಿ ಮೇಲೆ ಕೂತು, ಯಾರು ಯಾರನ್ನು ಎಲ್ಲಿ ಹಿಂದೆ ಹಾಕಿದರು ಅಂತ ಬೀದಿಗೆಲ್ಲ ವರ್ಣಿಸಿದರು.

“ನೀವೂ ನೋಡಿದ್ರಾ ಮೇಷ್ಟ್ರೇ?” ಅಂತ ಎದುರುಮನೆಯವರು ಕೇಳಿದರು.

“ನೋಡಿದೆ ಸ್ವಾಮಿ. ಅರ್ಧ ಪಂದ್ಯ ಇನ್ನೂ ಮೂಗಲ್ಲೇ ಇದೆ,” ಅಂದೆ.

ಕುರ್ಚಿ

ಆಮೇಲೆ ಹಗ್ಗ ಬಂತು. ಹಗ್ಗದ ಒಳಗೆ ಶಾಮಿಯಾನ, ಕುರ್ಚಿ, ದೊರೆಗಳು. ಹೊರಗೆ ಬಿಸಿಲು, ನಾವು. ವಕೀಲರಿಗೆ ತಡೆಯಲಿಲ್ಲ. ಯಾರ್ಯಾರದೋ ಕೈಕಾಲು ಹಿಡಿದು ಒಳಗೊಂದು ಕುರ್ಚಿ ಗಿಟ್ಟಿಸಿದರು. ಜರಿಪೇಟ ಸುತ್ತಿಕೊಂಡು, ನನ್ನನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದರು. ಕೂತರು. ಒಬ್ಬ ದೊರೆ ಬಂದ; ಎದ್ದು ಸಲಾಮು ಹೊಡೆದರು. ಕೂರೋಷ್ಟರಲ್ಲಿ ದೊರೆಸಾನಿ ಬಂದಳು, ಮತ್ತೆ ಎದ್ದರು. ಪಂದ್ಯ ಮುಗಿಯೋ ತನಕ ಯಾರಾದರೊಬ್ಬರು ಬರ್ತಲೇ ಇದ್ದರು. ನಾವು ಹುಲ್ಲಿನ ಮೇಲೆ ಕಾಲು ಚಾಚಿ, ಕಡ್ಲೆಕಾಯಿ ತಿಂತಾ ಕೂತಿದ್ದೆವು. ಇಡೀ ಮೈದಾನದಲ್ಲಿ ನಿಂತೇ ಇದ್ದವರು ಕುರ್ಚಿ ಸಿಕ್ಕ ವಕೀಲರು ಒಬ್ಬರೇ.

ಸೀನು

ಕೊನೆಗೆ ನಮ್ಮವರನ್ನೂ ಪಂದ್ಯಕ್ಕೆ ಸೇರಿಸಿಕೊಂಡರು. ವಕೀಲರು ಮಗನಿಗೆ ಫಟಫಟಿ ಕೊಡಿಸಿ, ಈ ಸಲ ಬೆಳ್ಳಿ ಕಪ್ ಬಸವನಗುಡಿಗೇ ಅಂತ ಡಂಗುರ ಹೊಡೆದುಬಿಟ್ಟರು. ಮಗ ಸೋತರೆ ಇವರು ಕೋರ್ಟಿನಲ್ಲಿ ತಲೆ ಎತ್ತೋ ಹಾಗಿಲ್ಲ. ಮಾನ ಉಳಿಸೋಕೆ ಇಡೀ ಬೀದಿಯೇ ದಂಡಿಗೆ ಹೊರಟಿತು.

ಬಾವುಟ ಎತ್ತಿದರು. ವಕೀಲರು ಗಡಿಬಿಡಿಯಲ್ಲಿ ಒಂದು ಚಿಟಿಕೆ ನಶ್ಯ ಏರಿಸಿ, ಸೀನಿದರು. ಒಂದೇ ಸೀನು. ಮಗ ಎಂಜಿನ್ ಆರಿಸಿ, ಇಳಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬಾವುಟ ಬಿತ್ತು, ಮಿಕ್ಕವರು ಹೋದರು.

“ಹೊರಡೋ ಮುಠ್ಠಾಳ,” ಅಂದರು ವಕೀಲರು.

“ಒಂಟಿ ಸೀನು ಅಪ್ಪ. ಹೊರಟರೆ ಅಜ್ಜಿ ಮನೆಗೇ ಸೇರಿಸಲ್ಲ. ಇನ್ನೊಂದು ಸೀನಿಬಿಡಿ, ದೋಷ ಕಳೆಯುತ್ತೆ.”

ಹುಡುಗ ಹೇಳೋದು ಸರಿ ಅಂದರು ಬೀದಿಯ ಹಿರಿಯರು. ಒಬ್ಬೊಬ್ಬರೂ ತಮ್ಮ ನಶ್ಯದ ಡಬ್ಬಿ ಮುಂದೆ ಹಿಡಿದರು. ವಕೀಲರು ಮೂಗಿಗೆ ತುಂಬಿದರು, ಸೂರ್ಯನ್ನ ನೋಡಿದರು, ಬಾಯಿ ತೆರೆದುಕೊಂಡು ಕಾದರು. ಬರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು. ನನಗೆ ಪಾಪ ಅನ್ನಿಸಿತು, ನಗು ಅದಕ್ಕಿಂತ ಜಾಸ್ತಿ ಬಂತು. ಅಷ್ಟರಲ್ಲಿ ಪಂದ್ಯ ಮುಗೀತು.

ಗೆದ್ದ ದೊರೆಗೆ ದೊರೆಸಾನಿ ಕಪ್ ಕೊಡುವಾಗ ಎಲ್ಲರೂ ಟೋಪಿ ತೆಗೆದು ಸದ್ದಿಲ್ಲದೆ ನಿಂತಿದ್ದರು. ಆಗ ಬಂತು ವಕೀಲರಿಗೆ ಸೀನು. ಮಗ ಎದ್ದು, ಷರಾಯಿ ಕೊಡವಿಕೊಂಡು, ಫಟಫಟಿ ಹತ್ತಿದ.

“ಈಗ ಸರಿಹೋಯ್ತು ಅಪ್ಪ. ಹೋಗಿ ಬರ್ತೀನಿ,” ಅಂದು ಹೊರಟೇಬಿಟ್ಟ.