ಫೋಟೊದ ಸುತ್ತ ದಪ್ಪ ಗೆರೆ

ಕೆಂಪಸಿದ್ದಯ್ಯನವರ ಫೋಟೊವನ್ನು ಪುಟದಲ್ಲಿ ಎಲ್ಲಿಡಬೇಕೆಂಬ ಚಿಂತೆಯಲ್ಲಿ ಕಸ್ತೂರಿರಂಗನಿಗೆ ಬೆಳಗಿನ ಕಾಫಿಯೂ ರುಚಿಸಲಿಲ್ಲ. ಬೆಸಗರಹಳ್ಳಿಯ ಆ ಜಮೀನುದಾರರಿಗೆ ಅರವತ್ತು ತುಂಬಿತ್ತು. ಮಂಡ್ಯದ ಪುಟ್ಟ ವಾರಪತ್ರಿಕೆಯಲ್ಲಿ ಉಪಸಂಪಾದಕ, ಕರಡು ತಿದ್ದುವವ, ಬಾಗಿಲು ತೆಗೆಯುವವ ಎಲ್ಲವೂ ಆಗಿದ್ದ ರಂಗ ಅವರ ಮೇಲೊಂದು ಲೇಖನ ಬರೆದಿದ್ದ. ಬರೆಯುವುದೇನೋ ಸಲೀಸಾಗಿತ್ತು. ಆದರೆ ಫೋಟೊ ಕೊಡುವಾಗ ಕೆಂಪಸಿದ್ದಯ್ಯನವರು, "ಮರ್ವಾದೆಯಾಗಿ ಕಾಣ್ಬೇಕು ಕಣಯ್ಯ. ಎಚ್ಚುಕಮ್ಮಿ ಆಯ್ತೋ, ಮೂಳೆ ಎಣಿಸ್ಬುಡ್ತೀನಿ" ಅಂದಿದ್ದರು. ಅವರ ಕೈಗಳೋ ಒನಕೆಯಂಥವು. ಅಂದಿನಿಂದ ಪ್ರೆಸ್ಸಿನ ಬಾಗಿಲು ಕಿರುಗುಟ್ಟಿದರೂ ರಂಗನ ಎದೆ ಧಸಕ್ಕೆನ್ನುತ್ತಿತ್ತು.

"ಪುಟದ ನಟ್ಟನಡುವೆ ಇಡಯ್ಯ. ಮೂಲೆಗಿಟ್ಟರೆ ಸುಮ್ಮನೆ ಬಿಡ್ತಾರಾ?" ಎಂದರು ಮಾಲೀಕ ಶ್ಯಾಮಣ್ಣ.

ರಂಗ ನಡುವೆ ಇಟ್ಟ. ಪ್ರೆಸ್ಸಿನ ನಲ್ಲಿಗೆ ನೀರಿಗೆ ಬಂದ ಪಕ್ಕದ ಮನೆಯ ಪಂಕಜಮ್ಮ ಕೊಡ ಇಳಿಸಿ ಇಣುಕಿದರು. "ಬರೀ ಮುಖ ಬೋಳುಬೋಳಾಗಿದೆಯಲ್ಲೋ ರಂಗ! ಅಕ್ಕಪಕ್ಕ ಎರಡು ದೀಪ ಇಡು, ಲಕ್ಷಣವಾಗಿರುತ್ತೆ."

ದೀಪದ ಅಚ್ಚಿತ್ತು, ಇಟ್ಟ. ಸುತ್ತ ಹೂಬಳ್ಳಿಯ ಅಂಚೂ ಇದ್ದರೆ ಚೆಂದ ಅನ್ನಿಸಿ ಕೇಳಿದ. ಅದು ಎಪ್ಪತ್ನಾಲ್ಕರ ವೈಶಾಖ, ಮದುವೆಗಳ ಸುಗ್ಗಿ.

"ಊವಿನ ಬಾರ್ಡರೆಲ್ಲ ಲಗ್ನಪತ್ರಿಕೆಗೆ ಓಗ್ಬುಟ್ಟವೆ ಸ್ವಾಮಿ. ಈ ದಪ್ಪ ಗೆರೆ ಒಂದೇ ಉಳ್ಕಂಡಿರೋದು" ಎಂದ ಅಚ್ಚು ಜೋಡಿಸುವವ.

"ದಪ್ಪಗಿರಲಿ ಬಿಡು, ಗಂಭೀರವಾಗಿ ಕಾಣುತ್ತೆ" ಎಂದರು ಶ್ಯಾಮಣ್ಣ. 'ಮರೆಯಲಾಗದ ಮಹನೀಯ' ಎಂಬ ತಲೆಬರಹವನ್ನೂ ಅವರೇ ಕೊಟ್ಟರು. ಹೆದರಿದವನಿಗೆ ಯಾರು ಏನು ಹೇಳಿದರೂ ಸರಿಯೆನ್ನಿಸುತ್ತದೆ. ಸೀಸದ ಅಚ್ಚಿನಲ್ಲಿ ಎಲ್ಲವೂ ಉಲ್ಟಾ, ಕರಡು ತೆಗೆದು ನೋಡಲು ಹೊತ್ತಿಲ್ಲ. ಪುಟ ಮಷಿನ್ನಿಗೇರಿತು. ಪತ್ರಿಕೆಯ ಕಟ್ಟುಗಳು ಮಧ್ಯಾಹ್ನದ ಬಸ್ಸಿನಲ್ಲಿ ಮದ್ದೂರಿನ ಕಡೆ ಹೊರಟುಹೋದವು.

ರಂಗ ಮನೆಗೆ ಬಂದು ಊಟಕ್ಕೆ ಕುಳಿತ. ಹೆಂಡತಿ ಆಂಡಾಳ್ ಪತ್ರಿಕೆ ಬಿಡಿಸಿ, "ಅಯ್ಯೋ ಪಾಪ, ಯಾವಾಗ ಹೋದರಂತೆ?" ಎಂದಳು.

"ಯಾರು?"

"ಇವರೇ. ಸುತ್ತ ಕಪ್ಪು ಕಟ್ಟು, ಅಕ್ಕಪಕ್ಕ ದೀಪ, ಮರೆಯಲಾಗದ ಮಹನೀಯ... ಹದಿಮೂರನೇ ದಿನ ಯಾವತ್ತು ಅಂತ ಮಾತ್ರ ಹಾಕಿಲ್ಲ ನೋಡಿ!"

ರಂಗ ನೋಡಿದ. ಕಲಸಿದ ಹುಳಿಯನ್ನ ಎಲೆಯಲ್ಲೇ ಉಳಿಯಿತು. ಕೈ ತೊಳೆಯುವುದನ್ನೂ ಮರೆತು ಬಸ್‌ಸ್ಟ್ಯಾಂಡಿಗೆ ಓಡಿದ. ಓಡಿಹೋಗುವುದಾದರೆ ಮೈಸೂರಿನ ಬಸ್ಸೂ ನಿಂತಿತ್ತು. ಆದರೆ ಅವರೇ ಹುಡುಕಿಕೊಂಡು ಬರುವ ಮೊದಲು ತಾನೇ ಹೋಗಿ ಕಾಲಿಗೆ ಬಿದ್ದರೆ ನಾಲ್ಕು ಏಟು ಕಮ್ಮಿಯಾದೀತು ಎಂಬ ಆಸೆ. ಬಸ್ಸಿನಲ್ಲಿ ಮುಂದಿನ ಸೀಟಿನವನು ಪತ್ರಿಕೆ ಹಿಡಿದು, "ಒಳ್ಳೆ ಮನ್ಸ ಕಣ್ಲಾ, ಓಗ್ಬುಟ್ಟ" ಎಂದು ಪಕ್ಕದವನಿಗೆ ತೋರಿಸುತ್ತಿದ್ದ. ಕೆಂಪಸಿದ್ದಯ್ಯನವರು ಇವತ್ತಿಗೂ ರಾತ್ರಿ ಎರಡು ಮುದ್ದೆ ಉಣ್ಣುತ್ತಾರೆಂದು ಲೇಖನದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಷ್ಟು ದೂರ ಓದಿದವರು ಜಿಲ್ಲೆಯಲ್ಲೇ ಇದ್ದಂತಿರಲಿಲ್ಲ. ರಂಗ ಮುಖಕ್ಕೆ ಟವಲು ಸುತ್ತಿಕೊಂಡು ದಾರಿಯುದ್ದಕ್ಕೂ ತಲೆ ತಗ್ಗಿಸಿ ಕುಳಿತ.

ಬೆಸಗರಹಳ್ಳಿಯ ಮನೆಯ ಮುಂದೆ ಜನವೋ ಜನ. ಜಗಲಿಯ ಮೇಲೆ, ಜನ ತಂದ ಹಾರಗಳ ರಾಶಿಯ ಪಕ್ಕದಲ್ಲಿ, ಕೆಂಪಸಿದ್ದಯ್ಯನವರು ಕುಳಿತಿದ್ದರು. ರಂಗ ದಡಕ್ಕನೆ ಕಾಲಿಗೆ ಬಿದ್ದ. "ತಪ್ಪಾಯ್ತು ಯಜಮಾನ್ರೇ, ಹೊಡೀಬೇಡಿ, ಮಕ್ಕಳೊಂದಿಗ!"

"ಒಡಿಯೋದಾ? ಏಳಯ್ಯ ಮ್ಯಾಕೆ!" ಕೆಂಪಸಿದ್ದಯ್ಯನವರು ಗಹಗಹಿಸಿ ನಕ್ಕರು. "ಬದುವಿನ ಜಗಳಕ್ಕೆ ಮಾತು ಬುಟ್ಟಿದ್ದ ನಮ್ಮಣ್ಣ ಸಿದ್ದರಾಜು ಗದ್ದೆಯಿಂದ್ಲೇ ಓಡ್ಬಂದ ಕಣಯ್ಯ! ಊರೆಲ್ಲ ನೋಡಂಗೆ ಎದೆ ಬಡ್ಕಂಡು ಅತ್ತ! ಇದಕ್ಕಿಂತ ಮರ್ವಾದೆ ಬೇಕಾ ನಂಗೆ?"

ಹೋದ ಜೀವ ಬಂದಂತಾಗಿ ರಂಗ ಎದ್ದು ನಿಂತ. ನಗಲೂ ಹೊರಟ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಕತ್ತಿನ ಪಟ್ಟಿ ಹಿಡಿದೆತ್ತಿದರು. ತಿರುಗಿದರೆ, ತಮ್ಮನಿಗಿಂತ ಅರ್ಧ ಅಡಿ ಎತ್ತರದ ಸಿದ್ದರಾಜು. ಕಣ್ಣುಗಳು ಅತ್ತು ಕೆಂಡದಂತಾಗಿದ್ದವು.

"ಊರ ಮುಂದೆ ನನ್ನ ಅಳಿಸ್ದೋನು ನೀನೇನಾ? ಮುಂದಿನ ವಾರ ನನ್ನ ಪೋಟ ಆಕು. ಇದೇ ಗೆರೆ, ಇದೇ ದೀಪ. ಇವನು ಎಂಗೆ ಅಳ್ತಾನೆ ನಾನೂ ನೋಡ್ಬೇಕು. ಆಕ್ನಿಲ್ಲ ಅಂದ್ರೆ ನಿನ್ನ ಕೈಕಾಲು ಇರಾಕಿಲ್ಲ!"

ಕೆಂಪಸಿದ್ದಯ್ಯನವರ ನಗು ನಿಂತುಹೋಯಿತು. ಅವರು ಎದ್ದು ಬಂದು ರಂಗನ ರಟ್ಟೆ ಹಿಡಿದರು. "ಆಕಿಗೀಕೀಯ, ಜೋಕೆ! ಇವನಿಗಾಗಿ ನಾನು ಅಳೋದಾ? ಆಕುದ್ರೆ ನೀನೇ ಇರಾಕಿಲ್ಲ!"

ಮುಂದಿನ ವಾರದ ಪುಟದಲ್ಲಿ ಯಾರ ಫೋಟೊ ಬರಲಿದೆ ಎಂಬುದರಲ್ಲಿ ರಂಗನಿಗೆ ಈಗ ಅನುಮಾನವೇ ಉಳಿಯಲಿಲ್ಲ. ತನ್ನದೇ.