ಮಗ್ಗಕ್ಕೆ ಕಟ್ಟಿಸಿದ ಕಾಲು

ಮೂಳೆ ಮುರಿದು ಕುಂಟರಾದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಮೂಳೆಗೆ ಬುದ್ಧಿ ಹೇಳಲು ಹೋಗಿ ಕುಂಟರಾದವರು ತಾಯಲೂರಿನ ನನ್ನ ಸೋದರಮಾವ ಒಬ್ಬರೇ!

ಎರಡನೇ ಮಹಾಯುದ್ಧದ ಕಾಲ; ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಅನಿಲದಿಂದ ಓಡುತ್ತಿದ್ದವು. ಮುಳಬಾಗಿಲಿನ ಇದ್ದಿಲ ಬಸ್ಸು ಏರಿನಲ್ಲಿ ಉಸಿರುಗಟ್ಟಿದರೆ ಪ್ರಯಾಣಿಕರು ಇಳಿದು ನೂಕುವುದು ವಾಡಿಕೆ. ಅಂದು ಬಸ್ಸು ನಿಲ್ಲುವ ಮೊದಲೇ ಮಾವ ಇಳಿದರು. ಬಲಗಾಲಿನ ಹರಡು, ಪಾದದ ಕೀಲು, ಮುರಿಯಿತು.

ಬೈರಕೂರಿನಿಂದ ಬಂದ ನಾಟಿವೈದ್ಯ ಪಾದವನ್ನು ನೆಟ್ಟಗೆ ನಿಲ್ಲಿಸಿ ಬಿದಿರಿನ ದಬ್ಬೆ ಕಟ್ಟಲು ಹೊರಟಾಗ, ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಸಿ ಮಗ್ಗದ ಹಲಗೆ ತುಳಿಯುವ ನೇಕಾರರಾದ ಮಾವ ತಡೆದರು.

“ಹಿಂಗಲ್ಲಯ್ಯ. ಬೆರಳು ಕೆಳಗೆ ಮಾಡಿ ಕಟ್ಟು. ಕುಣೀಲಿ ಕೂತು ಮಗ್ಗ ತುಳಿಯೋ ಕಾಲು ಇದು.”

“ವದ್ದಯ್ಯಾ, ಬೇಡ. ಹಂಗೇ ಕೂಡ್ಕೊಂಡ್ರೆ ನಡೆಯಕ್ಕಾಗಲ್ಲ.”

“ನೀನು ಮಗ್ಗಕ್ಕೆ ಕಟ್ಟು. ನಡೆಯೋದು ನಾನು ನೋಡ್ಕೋತೀನಿ.”

ವೈದ್ಯ ಕಟ್ಟಿದ. ಮೂಳೆ ಕೂಡಿತು. ಕೀಲು ಮಾತ್ರ ಮಾವನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ, ತುಳಿಯುವ ಭಂಗಿಯಲ್ಲೇ ಸೆಟೆದು ನಿಂತಿತು. ಹಿಮ್ಮಡಿ ಮತ್ತೆ ನೆಲ ಮುಟ್ಟಲಿಲ್ಲ. ಮಾವ ಸೋಲೊಪ್ಪಿಯಾರೆ? ಬಲಗಾಲಿನ ಚಪ್ಪಲಿಯ ಹಿಂಬದಿಗೆ ಮರದ ತುಂಡು ಬಡಿಸಿಕೊಂಡು ಬೀದಿಗಿಳಿದರು.

“ಏನ್ಲಾ, ಒಂದೇ ಕಡೆ ಬೆಳೀತಿದ್ದೀಯ?” ಎಂದ ಅವರ ಗೆಳೆಯನೊಬ್ಬ.

“ಇನ್ನೊಂದು ಕಡೆ ಬರೋ ವರ್ಷ ಕಣೋ.”

ಬರುವ ವರ್ಷ ಬೆಳೆದದ್ದು ನೋವು. ಚಳಿಗಾಲದ ಬೆಳಗಿನಲ್ಲಿ ಹರಡು ಊದಿ, ಯಾವ ಕೆಲಸಕ್ಕೆಂದು ಕಟ್ಟಿಸಿದ್ದರೋ ಅದಕ್ಕೂ ಒದಗದಾಯಿತು. ಮಗ್ಗ ನಿಂತರೆ ಒಲೆಯೂ ನಿಲ್ಲುವ ಮನೆ ಅದು. ಅತ್ತೆ ಕುಣಿಗಿಳಿದು ಪಕ್ಕದಲ್ಲಿ ಕುಳಿತರು. ಲಾಳಿ ಎಸೆಯುವುದು ಮಾವ, ತುಳಿಯುವುದು ಅತ್ತೆ. ಕಂಡವರಿಗೆ ಮಾವನ ವಿವರಣೆ: “ಅವಳಿಗೆ ಚಳಿ. ಕುಣಿ ಬೆಚ್ಚಗಿರುತ್ತೆ.”

ಕಾಲೇಜಿನ ರಜೆಗೆ ಬಂದ ನನಗೆ ಈ ಸುದ್ದಿ ಕೇಳಿ ಮೈ ಉರಿಯಿತು. ಹಟ ಒಬ್ಬರದು, ದುಡಿಮೆ ಇನ್ನೊಬ್ಬರದು. ಇದಕ್ಕೆ ಹೊಣೆ ಯಾರು? ಮನೆಯ ಕೆಲಸವೆಲ್ಲ ಮುಗಿಸಿದ ಹೆಂಗಸು ಮಗ್ಗಕ್ಕೂ ಕಾಲು ಕೊಡಬೇಕೆಂಬುದು ಯಾವ ನ್ಯಾಯ? ಉತ್ತರ ಪಡೆದೇ ಏಳುವುದೆಂದು ನಿಶ್ಚಯಿಸಿ, ಮಧ್ಯಾಹ್ನ ಅವರ ಮನೆಗೆ ಹೋದೆ.

ಮಗ್ಗ ನಿಂತಿತ್ತು. ಅತ್ತೆಯ ಪಾದ ಮಾವನ ತೊಡೆಯ ಮೇಲಿತ್ತು. ಅವರು ಹರಳೆಣ್ಣೆ ಹಚ್ಚಿ, ನೂಲಿನ ಎಳೆ ಬಿಡಿಸುವಷ್ಟು ಮೆಲ್ಲಗೆ ಅದರ ಹರಡನ್ನು ನೀವುತ್ತಿದ್ದರು.

“ಬಿಡಿ ಅಂದ್ರೆ. ಹೆಂಡ್ತಿ ಕಾಲು ಹಿಡಿಯೋದು ಯಾರಾದ್ರೂ ನೋಡಿದ್ರೆ?”

ಮಾವ ತಲೆ ಎತ್ತಲಿಲ್ಲ.

“ನೋಡ್ಲಿ ಬಿಡೇ. ಈಗ ನನಗಿರೋ ಕಾಲು ಇದೇ ತಾನೆ.”